ಗೊಬ್ಬರದ ಚೀಲಕ್ಕೊಂದು ಕೈ ಕ್ರೇನು
ಪೆರ್ಲ ಕಡೆಯ ನಮ್ಮ ಅಡಿಕೆ ತೋಟಗಳಿಗೆ ಹೋಗುವ ಗೊಬ್ಬರದ ಚೀಲಗಳನ್ನು ಪಿಕಪ್‌ಗೆ ಏರಿಸಲು, ಕೈಯಿಂದ ತಿರುಗಿಸುವ ಸಣ್ಣ ಕ್ರೇನೊಂದರ ನಕ್ಷೆ ಬಿಡಿಸುತ್ತಿದ್ದೇನೆ. 2018ರಿಂದ ಯೂರಿಯಾ ಚೀಲ 45 ಕಿಲೋಗೆ ಇಳಿದಿದ್ದರೂ ಪೊಟ್ಯಾಷ್ 50 ಕಿಲೋದಲ್ಲೇ ಉಳಿದಿದೆ. ಸೊಂಟಕ್ಕೆ ಆ ರಿಯಾಯಿತಿ ಅಷ್ಟಾಗಿ ತಿಳಿಯುವುದಿಲ್ಲ. 30 ಸೆಂಟಿಮೀಟರ್ ಉದ್ದದ ಹಿಡಿಕೆಯಿಂದ 3 ಸೆಂಟಿಮೀಟರ್ ತ್ರಿಜ್ಯದ ಡ್ರಮ್ ತಿರುಗಿಸಿದರೆ, ಘರ್ಷಣೆಯನ್ನು ಬಿಟ್ಟು, 5 ಕಿಲೋದಷ್ಟು ಬಲ ಸಾಕಾಗುತ್ತದೆ. ನನ್ನನ್ನು ಹೆಚ್ಚು ಕಾಡಿದ್ದು ಚೀಲವನ್ನು ಹಿಡಿಯುವ ಬಗೆ. ಹೊಲಿದ ಬಾಯಿಗೆ ಕೊಕ್ಕೆ ಸಿಕ್ಕಿಸಿದರೆ ನೂಲು ಬಿಚ್ಚಿ ಗೊಬ್ಬರವೆಲ್ಲ ಅಂಗಳದ ಪಾಲಾಗುತ್ತದೆ. ಆದ್ದರಿಂದ ಚೀಲದ ಅಡಿಯಿಂದ ಸುತ್ತಿ ಬರುವ ಎರಡು ಅಗಲವಾದ ನೈಲಾನ್ ಪಟ್ಟಿಗಳನ್ನು ಇಟ್ಟಿದ್ದೇನೆ. ಹಿಡಿಕೆ ಕೈತಪ್ಪಿದರೂ ಚೀಲ ಕೆಳಗೆ ಬೀಳದಂತೆ ಹಲ್ಲುಚಕ್ರಕ್ಕೊಂದು ತಡೆ ಇರಲೇಬೇಕು. ಇನ್ನು ಪೊಟ್ಯಾಷ್ ಎಂಬುದು ಉಪ್ಪಿನ ಜಾತಿ. ನಮ್ಮ ಮಳೆಗಾಲದ ತೇವದೊಡನೆ ಸೇರಿ ಕಬ್ಬಿಣವನ್ನು ಬೇಗ ತಿನ್ನುವುದರಿಂದ, ಖರ್ಚು ಹೆಚ್ಚಾದರೂ ಬಣ್ಣದ ಬದಲು ಸತುವಿನ ಲೇಪನವನ್ನೇ ಮಾಡಿಸುವವನಿದ್ದೇನೆ.