ದಕ್ಷಿಣ ಐಸ್‌ಲ್ಯಾಂಡಿನ ಜಲಪಾತಗಳಲ್ಲಿ ಟ್ರೈಪಾಡ್ ಹೊತ್ತು

ರೇಕ್ಯಾವಿಕ್‌ನಿಂದ ಒಂದನೇ ನಂಬರಿನ ಹೆದ್ದಾರಿ ಹಿಡಿದು ಸುಮಾರು 120 ಕಿಲೋಮೀಟರ್ ಸಾಗಿದರೆ ಎಡಗಡೆ ಕಡಿದಾದ ಬಂಡೆಗೋಡೆ ಎದುರಾಗುತ್ತದೆ. ಒಂದು ಕಾಲಕ್ಕೆ ಐಸ್‌ಲ್ಯಾಂಡಿನ ಕಡಲತಡಿ ಇದೇ ಆಗಿತ್ತು. ಸಮುದ್ರ ದೂರ ಸರಿದರೂ ಹಿಮನದಿಗಳ ನೀರು ಇಂದಿಗೂ ಆ ಹಳೆಯ ಅಂಚಿನಿಂದಲೇ ಧುಮುಕುತ್ತಿದೆ. ನಾವು ಜೂನ್ ತಿಂಗಳನ್ನು ಆರಿಸಿಕೊಂಡದ್ದು ಬೆಳಕಿನ ಸಲುವಾಗಿ. ಸೂರ್ಯ ನಡುರಾತ್ರಿಯ ಹೊತ್ತಿಗೆ ಮುಳುಗುವ ಆ ದಿನಗಳಲ್ಲಿ ಸಂಜೆಯ ಮಂದ ಬೆಳಕು ಗಂಟೆಗಟ್ಟಲೆ ಉಳಿಯುವುದರಿಂದ, ಕ್ಯಾಮೆರಾದೊಳಗೆ ಬೆಳಕು ಬಿಡುವ ಷಟರನ್ನು ಹೆಚ್ಚು ಹೊತ್ತು ತೆರೆದಿಟ್ಟು ನೀರನ್ನು ರೇಷ್ಮೆಯಂತೆ ಮೂಡಿಸಬಯಸುವವರಿಗೆ ಅವಸರವೇ ಇರುವುದಿಲ್ಲ.

ಮೊದಲು ಸಿಗುವುದು ಸೆಲ್ಯಾಲಂಡ್ಸ್‌ಫಾಸ್. ಸುಮಾರು 60 ಮೀಟರ್ ಎತ್ತರದಿಂದ ತೆಳುವಾಗಿ ಇಳಿಯುವ ಈ ಧಾರೆಯ ಹಿಂದೆಯೇ ಕಾಲುದಾರಿಯಿದೆ. 2010ರಲ್ಲಿ ಬೂದಿ ಉಗುಳಿ ಯುರೋಪಿನ ವಿಮಾನಸಂಚಾರವನ್ನೇ ನಿಲ್ಲಿಸಿದ ಎಯಾಫ್ಯಾಟ್ಲಯೋಕುಟ್ಲ್ ಜ್ವಾಲಾಮುಖಿಯ ಹಿಮವೇ ಕರಗಿ ಇಲ್ಲಿ ಬೀಳುತ್ತದೆ. ಐಎಸ್ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 100, ಅಪರ್ಚರ್ (ಲೆನ್ಸಿನೊಳಗಿನ ಕಿಂಡಿ) ಎಫ್/11 ಇಟ್ಟಾಗ ಮೋಡದ ಆ ಸಂಜೆ ಸರಿಯಾದ ಎಕ್ಸ್‌ಪೋಷರ್, ಅಂದರೆ ಷಟರ್ ತೆರೆದಿರಬೇಕಾದ ಹೊತ್ತು, ಸೆಕೆಂಡಿನ 1/30 ಭಾಗ ಬರುತ್ತಿತ್ತು. ಬೆಳಕನ್ನು ಆರು ಸ್ಟಾಪ್ (ಸ್ಟಾಪಿಗೊಮ್ಮೆ ಅರ್ಧದಂತೆ), ಅಂದರೆ 64 ಪಟ್ಟು, ತಗ್ಗಿಸುವ ಎನ್‌ಡಿ ಫಿಲ್ಟರ್ ಎಂಬ ಕಪ್ಪು ಗಾಜನ್ನು ಲೆನ್ಸಿನ ಮುಂದೆ ಹಾಕಿದಾಗ ಅದು ಎರಡು ಸೆಕೆಂಡಿಗೆ ಏರಿತು. ಅಪರ್ಚರನ್ನು ಎಫ್/22ರವರೆಗೆ ಕಿರಿದಾಗಿಸಿಯೂ ಸಮಯವನ್ನು ಹೆಚ್ಚಿಸಬಹುದು, ಆದರೆ ಅಷ್ಟು ಸಣ್ಣ ಕಿಂಡಿಯಲ್ಲಿ ಬೆಳಕು ಚದುರಿ ಇಡೀ ಚಿತ್ರದ ಸ್ಪಷ್ಟತೆ ಕುಂದುತ್ತದೆ. ಫಿಲ್ಟರಿಗೆ ಹಣ ಹಾಕುವುದೇ ಮೇಲು. ಧಾರೆಯ ಹಿಂದಿನ ಕಾಲುದಾರಿಯಲ್ಲಿ ನಿಜವಾದ ತೊಂದರೆ ತುಂತುರಿನದು. ಲೆನ್ಸಿನ ಮೇಲೆ ಬಟ್ಟೆ ಮುಚ್ಚಿಟ್ಟು, ಷಟರ್ ತೆರೆಯುವ ಕ್ಷಣದಲ್ಲಷ್ಟೇ ತೆಗೆದು, ಪ್ರತಿ ಚಿತ್ರಕ್ಕೂ ಗಾಜನ್ನು ಒರೆಸುವ ತಾಳ್ಮೆ ಅಲ್ಲಿ ಬೇಕು.

ಕೆಲವೇ ನೂರು ಮೀಟರ್ ಆಚೆ, ಬಂಡೆಯ ಸೀಳಿನೊಳಗೆ ಅಡಗಿರುವ ಗ್ಲ್ಯೂಫ್ರಬುಯಿ ಜಲಪಾತಕ್ಕೆ ಹೊಳೆಯಲ್ಲೇ ಕಾಲಿಟ್ಟು ನಡೆಯಬೇಕು. ಒಳಗೆ ಬೆಳಕು ಕಡಿಮೆಯಾದ್ದರಿಂದ ಎನ್‌ಡಿ ಬೇಕಾಗಲಿಲ್ಲ; ಒದ್ದೆ ಬಂಡೆಯ ಹೊಳಪನ್ನು ಕಳೆದು ಪಾಚಿಯ ಹಸಿರನ್ನು ಎತ್ತಿ ತೋರಿಸಲು ಪೋಲರೈಸರ್ ಫಿಲ್ಟರ್ ಒಂದೇ ಸಾಕಾಯಿತು.

ಅಲ್ಲಿಂದ ಪೂರ್ವಕ್ಕೆ ಅರ್ಧ ಗಂಟೆಯ ಹಾದಿಯಲ್ಲಿರುವ ಸ್ಕೋಗಾಫಾಸ್ ಬೇರೆಯದೇ ಸ್ವಭಾವದ್ದು. ಎತ್ತರ ಹೆಚ್ಚುಕಡಿಮೆ ಅಷ್ಟೇ ಆದರೂ ಅಗಲ 25 ಮೀಟರ್, ನೀರಿನ ರಭಸವೂ ಬಹಳ. ಇಲ್ಲಿ ಎರಡು ಸೆಕೆಂಡು ಕೊಟ್ಟರೆ ಎಳೆಗಳೆಲ್ಲ ಒಂದರಲ್ಲೊಂದು ಕರಗಿ, ವಿವರವಿಲ್ಲದ ಬರಿಯ ಬಿಳುಪು ಉಳಿಯುತ್ತದೆ. ಷಟರ್ ಹೊತ್ತು ಹೆಚ್ಚಿದಷ್ಟೂ ಚಿತ್ರ ಚೆಂದ ಎಂಬ ನಂಬಿಕೆ ಹವ್ಯಾಸಿಗಳಲ್ಲಿ ಬಲವಾಗಿದೆ, ನನಗದು ಒಪ್ಪಿಗೆಯಿಲ್ಲ. ನೀರು ಎಷ್ಟು ವೇಗವಾಗಿ ಬೀಳುತ್ತದೆಯೋ, ನಾವು ಎಷ್ಟು ಹತ್ತಿರ ನಿಂತಿದ್ದೇವೆಯೋ, ಅಷ್ಟು ಕಡಿಮೆ ಸಮಯದಲ್ಲೇ ಅದರ ಚಲನೆ ಚಿತ್ರದಲ್ಲಿ ಹರಡಿಕೊಳ್ಳುತ್ತದೆ. ಸ್ಕೋಗಾಫಾಸ್‌ಗೆ ಸೆಕೆಂಡಿನ 1/8ರಿಂದ 1/4 ಭಾಗ ಸಾಕಾಗಿತ್ತು: ಮೃದುತ್ವವೂ ಬಂತು, ಧಾರೆಯೊಳಗಿನ ಎಳೆಗಳೂ ಉಳಿದವು. ಇನ್ನೊಂದು ಲಾಭವೂ ಇತ್ತು. ಜಲಪಾತದ ಗಾತ್ರ ತಿಳಿಯಲೆಂದು ಕೆಂಪು ಜಾಕೆಟ್ಟಿನ ಗೆಳೆಯನನ್ನು ಬುಡದಲ್ಲಿ ನಿಲ್ಲಿಸಿದ್ದೆವು. ಆ ಗಾಳಿಯಲ್ಲಿ ಎರಡು ಸೆಕೆಂಡು ಅಲುಗಾಡದೆ ನಿಲ್ಲುವುದು ಯಾರಿಂದಲೂ ಆಗದ ಮಾತು, 1/8 ಸೆಕೆಂಡಿನಲ್ಲಿ ಮಾತ್ರ ಅವನ ಆಕೃತಿ ಸ್ಪಷ್ಟವಾಗಿ ಮೂಡಿತು.