ಗೆರೆ ಎಲ್ಲಿ ಎಳೆದಿರಿ, ಯಾರನ್ನು ನೆರೆ ಎಂದಿರಿ?

ನಕ್ಷೆಯ ಅಂಕಿಗಳಿಂದ ತೆಗೆಯುವ ತೀರ್ಮಾನ ಈ ಎರಡು ಆಯ್ಕೆಗಳ ಮೇಲೆ ನಿಂತಿರುತ್ತದೆ. ಕಾಗದದ ಮೇಲೆ ನಾಲ್ಕು ಚೌಕ ಬರೆಯಿರಿ, ಮೇಲೆ ಎರಡು, ಕೆಳಗೆ ಎರಡು. ಒಂದೊಂದು ಚೌಕವೂ ಒಂದು ವಲಯ. ಎಲ್ಲದರಲ್ಲೂ ಜನಸಂಖ್ಯೆ ಸಮ ಎಂದಿಟ್ಟುಕೊಳ್ಳಿ. ಮೊದಲ ಅಳತೆ ಮೇಲಿನ ಸಾಲಿನಲ್ಲಿ 1, 2. ಕೆಳಗಿನ ಸಾಲಿನಲ್ಲಿ 3, 4. ಎರಡನೆಯ ಅಳತೆ ಮೇಲೆ 2, 1; ಕೆಳಗೆ 4, 3. ನಾಲ್ಕನ್ನೂ ಬಿಡಿಬಿಡಿಯಾಗಿ ತೆಗೆದುಕೊಂಡರೆ ಎರಡು ಅಳತೆಗಳ ಸಹಸಂಬಂಧ, ಅಂದರೆ ಅವು ಎಷ್ಟರ ಮಟ್ಟಿಗೆ ಜೊತೆಯಾಗಿ ಏರಿಳಿಯುತ್ತವೆ ಎಂದು −1ರಿಂದ +1ರೊಳಗೆ ಹೇಳುವ ಅಂಕಿ, 0.6. ಈಗ ಅಡ್ಡಗೆರೆ ಎಳೆದು ಎರಡು ದೊಡ್ಡ ವಲಯ ಮಾಡಿ. ಸರಾಸರಿಗಳು ಮೇಲೆ 1.5 ಮತ್ತು 1.5, ಕೆಳಗೆ 3.5 ಮತ್ತು 3.5. ಒಂದು ಏರಿದಲ್ಲಿ ಇನ್ನೊಂದೂ ಏರಿದೆ. ಅದೇ ಗೆರೆಯನ್ನು ಮೇಲಿಂದ ಕೆಳಕ್ಕೆ ಎಳೆದು ನೋಡಿ: ಎಡಕ್ಕೆ 2 ಮತ್ತು 3, ಬಲಕ್ಕೆ 3 ಮತ್ತು 2. ಸಂಬಂಧವೇ ತಿರುಗಿಬಿತ್ತು.

ಎರಡೇ ಬಿಂದುಗಳಿದ್ದರೆ ಸಹಸಂಬಂಧ +1 ಅಥವಾ −1 ಬರುವುದು ಸಹಜ, ಆ ಗಾತ್ರಕ್ಕೆ ಬೆಲೆಯಿಲ್ಲ. ಆದರೆ ಚಿಹ್ನೆ ಬದಲಾದದ್ದು ಬರಿಯ ಗೆರೆಯಿಂದ. ಒಂದು ಅಂಕಿಯನ್ನೂ ಯಾರೂ ಮುಟ್ಟಿಲ್ಲ. ಪರಿಮಾಣಾತ್ಮಕ ಭೂಗೋಳದಲ್ಲಿ ಇದಕ್ಕೆ ಬದಲಾಯಿಸಬಹುದಾದ ಪ್ರದೇಶ ಘಟಕದ ಸಮಸ್ಯೆ ಎನ್ನುತ್ತಾರೆ. 1979ರಲ್ಲಿ ಭೂಗೋಳಶಾಸ್ತ್ರಜ್ಞರಾದ ಓಪನ್‌ಶಾ ಮತ್ತು ಟೇಲರ್ ಅಮೆರಿಕದ ಅಯೋವಾ ರಾಜ್ಯದ 99 ಕೌಂಟಿಗಳನ್ನು ತೆಗೆದುಕೊಂಡು, ರಿಪಬ್ಲಿಕನ್ ಮತದ ಪಾಲಿಗೂ ವೃದ್ಧರ ಪಾಲಿಗೂ ಇರುವ ಸಂಬಂಧವನ್ನು ಲೆಕ್ಕ ಹಾಕಿದರು. ಕೌಂಟಿ ಮಟ್ಟದಲ್ಲಿ ಅದು ಸುಮಾರು 0.35. ಕೌಂಟಿಗಳನ್ನು ಬೇರೆ ಬೇರೆ ರೀತಿಯಲ್ಲಿ ಕೂಡಿಸಿ ಕೆಲವೇ ವಲಯ ಮಾಡಿದಾಗ ಹೆಚ್ಚುಕಡಿಮೆ −1ರಿಂದ +1ರವರೆಗೆ ಬೇಕಾದ ಉತ್ತರ ಸಿಕ್ಕಿತು.

ವಲಯದ ಲೆಕ್ಕವನ್ನು ವ್ಯಕ್ತಿಗೆ ಇಳಿಸುವುದು ಇನ್ನೂ ದೊಡ್ಡ ತಪ್ಪು. ಅಮೆರಿಕದ 1930ರ ಜನಗಣತಿಯನ್ನು ಹಿಡಿದು ಸಮಾಜಶಾಸ್ತ್ರಜ್ಞ ರಾಬಿನ್ಸನ್ 1950ರಲ್ಲಿ ಇದನ್ನು ತೋರಿಸಿದ. ರಾಜ್ಯ ಮಟ್ಟದಲ್ಲಿ ವಿದೇಶದಲ್ಲಿ ಹುಟ್ಟಿದವರ ಪಾಲಿಗೂ ಅನಕ್ಷರತೆಗೂ ಸಹಸಂಬಂಧ −0.53ರ ಆಸುಪಾಸು, ವ್ಯಕ್ತಿಗಳ ಮಟ್ಟದಲ್ಲಿ +0.12. ವಲಸೆ ಬಂದವರು ಸಾಕ್ಷರತೆ ಹೆಚ್ಚಿದ್ದ ರಾಜ್ಯಗಳಲ್ಲೇ ಹೆಚ್ಚಾಗಿ ನೆಲೆಸಿದ್ದರು, ಅಷ್ಟೇ.

ಹಾಗಾಗಿ ಬಿಂದು ಮಟ್ಟದ ದತ್ತಾಂಶ, ಅಂದರೆ ಒಂದೊಂದರ ನಿಖರ ಜಾಗವೂ ಗೊತ್ತಿರುವ ದತ್ತಾಂಶ, ಕೈಯಲ್ಲಿದ್ದರೆ ಒಂದೇ ಜಾಲರಿಗೆ ಕಟ್ಟುಬೀಳಬೇಡಿ. ಕನಿಷ್ಠ ಮೂರು ಗಾತ್ರದ ಚೌಕಗಳಲ್ಲಿ ಲೆಕ್ಕ ಮಾಡಿ. ಪ್ರತಿ ಗಾತ್ರದಲ್ಲೂ ಜಾಲರಿಯನ್ನು ಅರ್ಧ ಚೌಕದಷ್ಟು ಸರಿಸಿ ಮತ್ತೊಮ್ಮೆ ಮಾಡಿ. ವಲಯದ ಮೊತ್ತಗಳು ಮಾತ್ರ ಸಿಕ್ಕಿದ್ದರೆ, ಒಂದಕ್ಕೊಂದು ತಾಗಿದ ವಲಯಗಳನ್ನು ಯಾದೃಚ್ಛಿಕವಾಗಿ ಕೂಡಿಸುತ್ತಾ 1000 ಬೇರೆ ವಿಭಜನೆ ಮಾಡಿ, ಬಂದ ಉತ್ತರಗಳ ಹರವನ್ನು ತೋರಿಸಿ. ಆ ಹರವು ಸೊನ್ನೆಯ ಎರಡೂ ಬದಿಗೆ ಚಾಚಿದ್ದರೆ ನಿಮ್ಮ ತೀರ್ಮಾನ ಗಡಿಯದ್ದು, ಊರಿನದ್ದಲ್ಲ.

ಗಡಿ ಆಯಿತು. ಇನ್ನು ನೆರೆ. ಹತ್ತಿರದವು ದೂರದವುಗಳಿಗಿಂತ ಹೆಚ್ಚು ನಂಟು ಹೊಂದಿರುತ್ತವೆ ಎಂದು ಭೂಗೋಳಶಾಸ್ತ್ರಜ್ಞ ಟೋಬ್ಲರ್ 1970ರಲ್ಲಿ ಬರೆದ ಮಾತು ಎಲ್ಲರ ಬಾಯಲ್ಲೂ ಇದೆ. ಆದರೆ ಹತ್ತಿರ ಎಂದರೆ ಯಾವುದು ಎಂಬುದನ್ನು ಸೂತ್ರ ಹೇಳುವುದಿಲ್ಲ, ನಾವೇ ಯಾವ ವಲಯಕ್ಕೆ ಯಾವುದು ಎಷ್ಟು ನೆರೆ ಎಂದು ಹೇಳುವ ಕೋಷ್ಟಕದಲ್ಲಿ, ಅಂದರೆ ತೂಕದ ಮ್ಯಾಟ್ರಿಕ್ಸ್‌ನಲ್ಲಿ ಬರೆದುಕೊಡಬೇಕು. ನೆರೆಯ ವಲಯಗಳ ಮೌಲ್ಯಗಳು ಎಷ್ಟು ಒಂದೇ ತೆರನಾಗಿವೆ ಎಂದು ಅಳೆಯುವ ಮೊರಾನ್ ಸೂಚ್ಯಂಕವನ್ನು ಒಮ್ಮೆ ಕೈಯಲ್ಲೇ ಮಾಡಿದರೆ ಇದು ಮನದಟ್ಟಾಗುತ್ತದೆ.

ಸಾಲಾಗಿ ನಾಲ್ಕು ವಲಯ, ಮೌಲ್ಯಗಳು 2, 4, 6, 8. ಸರಾಸರಿ 5, ವಿಚಲನೆಗಳು −3, −1, 1, 3. ಅವುಗಳ ವರ್ಗಗಳ ಮೊತ್ತ 20. ಅಕ್ಕಪಕ್ಕದ ಜೋಡಿಗಳ ಗುಣಲಬ್ಧ 3, −1, 3, ಮೊತ್ತ 5. ಪ್ರತಿ ಜೋಡಿಯನ್ನು ಎರಡೂ ದಿಕ್ಕಿನಿಂದ ಎಣಿಸುವುದರಿಂದ 10. ಒಂದೊಂದು ಎಣಿಕೆಗೆ ತೂಕ 1, ಹಾಗಾಗಿ ತೂಕಗಳ ಮೊತ್ತ 6. ವಲಯಗಳು 4, ಆದ್ದರಿಂದ ಸೂಚ್ಯಂಕ (4/6) × (10/20), ಅಂದರೆ 0.33. ಈಗ ಮ್ಯಾಟ್ರಿಕ್ಸ್‌ನ ಪ್ರತಿ ಸಾಲಿನ, ಅಂದರೆ ಪ್ರತಿ ವಲಯದ, ತೂಕಗಳ ಮೊತ್ತ 1 ಆಗುವಂತೆ ಭಾಗಿಸಿ, ಬಹಳಷ್ಟು ತಂತ್ರಾಂಶಗಳು ಹೇಳದೆಯೇ ಮಾಡುವ ಕೆಲಸ ಇದು. ತೂಕದಿಂದ ಗುಣಿಸಿದ ಗುಣಲಬ್ಧಗಳ ಮೊತ್ತ 8, ತೂಕಗಳ ಮೊತ್ತ 4, ಸೂಚ್ಯಂಕ 0.40. ಅದೇ ಅಂಕಿ, ಅದೇ ನೆರೆ, ಬೇರೆ ಉತ್ತರ. ತುದಿಯ ವಲಯಕ್ಕೆ ಒಂದೇ ನೆರೆ ಇರುವುದರಿಂದ ಆ ಒಂದು ಕೊಂಡಿಗೆ ಪೂರ್ತಿ ತೂಕ ಸಿಕ್ಕಿತು.

ಇದನ್ನು ಸೊನ್ನೆಗೆ ಹೋಲಿಸುವುದೂ ತಪ್ಪು. ಯಾವ ವಿನ್ಯಾಸವೂ ಇಲ್ಲದಾಗ ನಿರೀಕ್ಷಿತ ಮೌಲ್ಯ −1/(n−1), n ಎಂದರೆ ವಲಯಗಳ ಸಂಖ್ಯೆ, ಇಲ್ಲಿ −0.33. ಮೌಲ್ಯಗಳನ್ನು ಕಲಸಿ ಮತ್ತೆ ಮತ್ತೆ ಹಂಚಿ ಪರೀಕ್ಷಿಸೋಣ ಎಂದರೆ, ನಾಲ್ಕು ವಲಯಕ್ಕೆ ಇರುವುದೇ 24 ಕ್ರಮ. 2, 4, 6, 8 ಮತ್ತು ಅದರ ತಿರುವುಮುರುವು ಎರಡೂ ಗರಿಷ್ಠ, ಆದ್ದರಿಂದ ಪಿ-ಮೌಲ್ಯ (ಬರಿಯ ಆಕಸ್ಮಿಕದಿಂದಲೇ ಇಷ್ಟು ದೊಡ್ಡ ಸೂಚ್ಯಂಕ ಬರುವ ಸಂಭವ) 2/24, ಅಂದರೆ 0.083. ಇದಕ್ಕಿಂತ ಅಚ್ಚುಕಟ್ಟಾದ ಏರಿಕೆ ಇರಲಾರದು, ಆದರೂ ಪಿ-ಮೌಲ್ಯ ರೂಢಿಯ ಮಿತಿಯಾದ 0.05ಕ್ಕಿಂತ ಕೆಳಗೆ ಇಳಿಯುವುದಿಲ್ಲ. ವಲಯಗಳು ಬೆರಳೆಣಿಕೆಯಷ್ಟಿದ್ದರೆ ಈ ಪರೀಕ್ಷೆಯನ್ನು ಬಿಟ್ಟುಬಿಡುವುದೇ ಸರಿ.

ನಿಜವಾದ ನಕ್ಷೆಗಳಲ್ಲಿ ಕೆಲಸ ಕೆಡುವುದು ಹೆಚ್ಚಾಗಿ ವಲಯಗಳ ಗಡಿಗಳನ್ನು ಇಟ್ಟಿರುವ ಕಡತದಲ್ಲಿ, ಅಂದರೆ ಶೇಪ್‌ಫೈಲ್‌ನಲ್ಲೇ. ಪಕ್ಕದ ಎರಡು ಗಡಿಗಳ ಬಿಂದುಗಳು ಕೂದಲೆಳೆಯಷ್ಟು ತಪ್ಪಿದರೂ ಸಾಕು, ಕಣ್ಣಿಗೆ ಅಂಟಿಕೊಂಡಂತೆ ಕಾಣುವ ವಲಯಗಳು ಮ್ಯಾಟ್ರಿಕ್ಸ್‌ನಲ್ಲಿ ನೆರೆಯಾಗಿರುವುದಿಲ್ಲ. ಲೆಕ್ಕಕ್ಕೆ ಮೊದಲು ನೆರೆಕೊಂಡಿಗಳನ್ನು ನಕ್ಷೆಯ ಮೇಲೆ ಗೆರೆಗಳಾಗಿ ಎಳೆಸಿ ನೋಡಿ. ಯಾವ ವಲಯಕ್ಕೆ ಎಷ್ಟು ನೆರೆ ಎಂಬ ಹಂಚಿಕೆಯನ್ನೂ ನೋಡಿ. ಒಳನಾಡಿನ ವಲಯಕ್ಕೆ ಸೊನ್ನೆ ಅಥವಾ ಒಂದೇ ನೆರೆ ಬಂದಿದ್ದರೆ ಮೊದಲು ಗಡಿಯನ್ನು ಸರಿಪಡಿಸಿ. ನಿಜವಾದ ದ್ವೀಪಗಳಿದ್ದರೆ ಅವುಗಳನ್ನು ಬಿಟ್ಟಿರೋ, ದೋಣಿ ಮಾರ್ಗದಿಂದ ಜೋಡಿಸಿದಿರೋ ಎಂದು ಬರೆದಿಡಿ. ಚೌಕ ಜಾಲರಿಯಲ್ಲಿ ಚೆಸ್‌ನ ರೂಕ್‌ನಂತೆ ಅಂಚು ತಾಗಿದರೆ ಮಾತ್ರ ನೆರೆ ಎಂದರೆ ನಾಲ್ಕು. ಕ್ವೀನ್‌ನಂತೆ ಮೂಲೆಯನ್ನೂ ಸೇರಿಸಿದರೆ ಎಂಟು. ಎರಡರಲ್ಲೂ ಓಡಿಸಿ. ದೂರವನ್ನು ಅಕ್ಷಾಂಶ ರೇಖಾಂಶದ ಡಿಗ್ರಿಗಳಲ್ಲಿ ಅಳೆಯಲೇಬೇಡಿ: ಒಂದು ಡಿಗ್ರಿ ರೇಖಾಂಶ ಸಮಭಾಜಕದ ಬಳಿ ಸುಮಾರು 111 ಕಿ.ಮೀ., 60 ಡಿಗ್ರಿ ಅಕ್ಷಾಂಶದಲ್ಲಿ ಅದರರ್ಧ. ನೀವು ವೃತ್ತ ಎಂದುಕೊಂಡದ್ದು ಪೂರ್ವಪಶ್ಚಿಮವಾಗಿ ಕುಗ್ಗಿದ ಮೊಟ್ಟೆಯಾಗಿರುತ್ತದೆ.

ದರಗಳಲ್ಲಿ ಬೇರೆಯೇ ಮೋಸ. 50 ಜನರಿರುವ ವಲಯದಲ್ಲಿ ಒಂದೇ ಪ್ರಕರಣವಾದರೂ ಸಾವಿರಕ್ಕೆ 20. 50,000 ಜನರಿರುವಲ್ಲಿ ಅದೇ ದರಕ್ಕೆ 1000 ಪ್ರಕರಣ ಬೇಕು. ನಕ್ಷೆಯಲ್ಲಿ ಕಡುಕೆಂಪಾಗಿ ಕಾಣುವವು ಸಾಮಾನ್ಯವಾಗಿ ಜನಸಂಖ್ಯೆ ಕಡಿಮೆಯಿರುವ ವಲಯಗಳೇ. ಎಂಪಿರಿಕಲ್ ಬೇಸ್ ವಿಧಾನದಿಂದ ದರವನ್ನು ಒಟ್ಟು ಸರಾಸರಿಯತ್ತ ಎಳೆದ ಮೇಲೆಯೇ ಗುಂಪು ಹುಡುಕಿ.

ಆನ್ಸೆಲಿನ್ 1995ರಲ್ಲಿ ಕೊಟ್ಟ ಸ್ಥಳೀಯ ಸೂಚ್ಯಂಕವನ್ನು, ಅಂದರೆ ಪ್ರತಿ ವಲಯಕ್ಕೂ ಬೇರೆಯಾಗಿ ಲೆಕ್ಕ ಹಾಕುವ ಸೂಚ್ಯಂಕವನ್ನು, ಬಳಸುವವರು ಒಂದು ಲೆಕ್ಕ ನೆನಪಿಡಬೇಕು. 500 ವಲಯಗಳನ್ನು 0.05 ಮಟ್ಟದಲ್ಲಿ ಪರೀಕ್ಷಿಸಿದರೆ, ಏನೂ ಇಲ್ಲದಿದ್ದರೂ ಸುಮಾರು 25 ವಲಯಗಳು ಗುಂಪಿನವು ಎಂದು ಬಣ್ಣ ಪಡೆಯುತ್ತವೆ. ಬಾನ್‌ಫೆರೋನಿ ತಿದ್ದುಪಡಿ ಮಾಡಿದರೆ, ಅಂದರೆ 0.05ನ್ನು ಪರೀಕ್ಷೆಗಳ ಸಂಖ್ಯೆಯಿಂದ ಭಾಗಿಸಿದರೆ, ಮಿತಿ 0.0001ಕ್ಕೆ ಇಳಿಯುತ್ತದೆ. 999 ಸಲ ಕಲಸಿದಾಗ ಸಿಗಬಹುದಾದ ಅತಿ ಚಿಕ್ಕ ಪಿ-ಮೌಲ್ಯ 0.001, ಹಾಗಾಗಿ ಎಷ್ಟೇ ಗಟ್ಟಿಯಾದ ಗುಂಪಿದ್ದರೂ ನಕ್ಷೆ ಖಾಲಿಯಾಗಿಯೇ ಬರುತ್ತದೆ. ಕನಿಷ್ಠ 9999 ಸಲ ಕಲಸಬೇಕು, ಸಾಧ್ಯವಾದರೆ 99,999.