ನಾಟಕದ ಎರಡನೇ ಅಂಕ: ಕೋರ್ಟ್ ದೃಶ್ಯ ಎಲ್ಲಿಗೆ ಬಂತು

ಮೇ ಕೊನೆ

ಕೋರ್ಟ್ ದೃಶ್ಯಕ್ಕೆ ಒಂದು ರೂಪ ಬಂದಿದೆ. ಹೊಸಬರಿಗಾಗಿ ಕತೆ ಇಷ್ಟು: ಕೊಡಗಿನ ಸಿದ್ದಾಪುರದ ಕಡೆ ಒಂದು ಕಾಫಿ ತೋಟ. ಅಣ್ಣ, ತಮ್ಮ, ಇಬ್ಬರಿಗೂ ಒಂದೇ ಕೆರೆ. ವರ್ಷ 2025. ಕಾಫಿ ಹೂ ಅರಳಿಸುವ ಹೂಮಳೆ ಬಂದಿಲ್ಲ. ಸ್ಪ್ರಿಂಕ್ಲರ್‌ಗೆ ನೀರು ಮೊದಲು ಯಾರಿಗೆ ಅಂತ ಜಗಳ. ತಮ್ಮನ ಕೈಯಿಂದ ಅಣ್ಣ ಸಾಯುತ್ತಾನೆ. ಕೊಂದವನು ಯಾರೆಂದು ಮೊದಲ ದೃಶ್ಯದಲ್ಲೇ ಗೊತ್ತು. ನಾಟಕ ಕೇಳುವುದು ಬೇರೆ: ಇದು ಕೊಲೆಯಾ, ಕೊಲೆಯಲ್ಲದ ನರಹತ್ಯೆಯಾ?

ಭಾರತೀಯ ನ್ಯಾಯ ಸಂಹಿತೆಯ 101ನೇ ಸೆಕ್ಷನ್‌ನ ಮೊದಲ ವಿನಾಯಿತಿಯ ಮೇಲೆ ಇಡೀ ಅಂಕ ನಿಂತಿದೆ. ಮೊದಲು ಇದು ಹಳೆಯ ಭಾರತೀಯ ದಂಡ ಸಂಹಿತೆಯ (ಐಪಿಸಿ) 300ರಲ್ಲಿತ್ತು. 2024ರ ಜುಲೈ 1ರಿಂದ ನಂಬರ್ ಬದಲಾಯಿತು, ತಿರುಳು ಹಾಗೇ ಇದೆ. ಗಂಭೀರವಾದ, ಹಠಾತ್ತಾದ ಪ್ರಚೋದನೆಯಿಂದ ಮನಸ್ಸಿನ ಹಿಡಿತ ತಪ್ಪಿದಾಗ ಕೊಂದರೆ ಅದು ಕೊಲೆ ಅನ್ನಿಸಿಕೊಳ್ಳುವುದಿಲ್ಲ. ಹಾಗಂತ ಬಿಡುಗಡೆಯೂ ಇಲ್ಲ. ಕೊಲೆಗಾದರೆ ಮರಣದಂಡನೆ ಅಥವಾ ಜೀವಾವಧಿ. ಇಲ್ಲಿ 105ನೇ ಸೆಕ್ಷನ್ ಬರುತ್ತದೆ: ಕೊಲ್ಲುವ ಉದ್ದೇಶ ಇದ್ದಿದ್ದರೆ ಜೀವಾವಧಿ, ಇಲ್ಲವೇ 5ರಿಂದ 10 ವರ್ಷ ಜೈಲು ಮತ್ತು ದಂಡ.

ವಕೀಲರ ವಾದಕ್ಕೆ ನಾನಾವತಿ ಪ್ರಕರಣ ಓದಲೇಬೇಕಾಯಿತು. 1959ರಲ್ಲಿ ಮುಂಬೈಯಲ್ಲಿ ನಡೆದದ್ದು. ನೌಕಾಪಡೆಯ ಅಧಿಕಾರಿ ನಾನಾವತಿ, ಹೆಂಡತಿಯ ಸಂಬಂಧದ ವಿಷಯ ತಿಳಿದ ಮೇಲೆ ಹಡಗಿಗೆ ಹೋಗಿ, ಸುಳ್ಳು ಕಾರಣ ಹೇಳಿ ರಿವಾಲ್ವರ್ ತೆಗೆದುಕೊಂಡರು. ಮನೆ ಬಿಟ್ಟದ್ದು ಮಧ್ಯಾಹ್ನ 1.30ಕ್ಕೆ, ಆ ರಿವಾಲ್ವರ್ ಗುಂಡಿಗೆ ಹೆಂಡತಿಯ ಪ್ರಿಯಕರ ಪ್ರೇಮ್ ಅಹುಜಾ ಸತ್ತದ್ದು 4.20ಕ್ಕೆ. ಅಷ್ಟು ಹೊತ್ತಲ್ಲಿ ಸಿಟ್ಟು ಆರಬೇಕಿತ್ತು ಅಂತ 1961ರಲ್ಲಿ ಸುಪ್ರೀಂ ಕೋರ್ಟ್ ವಿನಾಯಿತಿ ಕೊಡಲಿಲ್ಲ. ಅದೇ ತೀರ್ಪು ಇನ್ನೊಂದು ಮಾತನ್ನೂ ಹೇಳುತ್ತದೆ: ಬರೀ ಮಾತು, ಸನ್ನೆ ಕೂಡ ಕೆಲವು ಸಂದರ್ಭದಲ್ಲಿ ಪ್ರಚೋದನೆ ಆಗಬಹುದು. ನಮ್ಮ ತಮ್ಮನಿಗೆ ಇದೇ ಆಸರೆ. ಅಣ್ಣ ಅವನನ್ನು ಹೊಡೆದಿಲ್ಲ, ಆಳುಗಳ ಮುಂದೆ ಸತ್ತ ತಾಯಿಯ ಬಗ್ಗೆ ಒಂದು ಮಾತು ಆಡಿದ್ದಾನೆ.

ಹಾಗಾಗಿ ಆಯುಧ ಬದಲಾಯಿಸಿದೆ. ಮೊದಲ ಕರಡಿನಲ್ಲಿ ತಮ್ಮ ಮನೆಗೆ ಹೋಗಿ ಗೋಡೆಯ ಮೇಲಿನ ಕೋವಿ ತರುತ್ತಿದ್ದ. ಜಮ್ಮಾ ಹಕ್ಕಿನಿಂದ (ಕೊಡಗಿನ ವಂಶಪಾರಂಪರ್ಯದ ಜಮೀನು ಹಕ್ಕು) ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳುವ ಊರು ನಮ್ಮದು. ಮನೆಯಲ್ಲಿ ಕೋವಿ ಇದ್ದದ್ದಕ್ಕೆ ಇಲ್ಲಿ ಯಾರೂ ಹುಬ್ಬೇರಿಸುವುದಿಲ್ಲ. ಆದರೆ ತೋಟದಿಂದ ಮನೆಗೆ ಏರು ಹತ್ತಿ ಮತ್ತೆ ಇಳಿದು ಬರಬೇಕಲ್ವಾ? ಆ ನಡಿಗೆಯನ್ನೇ ಸರ್ಕಾರಿ ವಕೀಲರು ಹಿಡಿದುಕೊಳ್ಳುತ್ತಾರೆ. ಈಗ ಅವನ ಕೈಯಲ್ಲಿರುವುದು ಕಾಡು ಸವರುತ್ತಿದ್ದ ಕತ್ತಿ. ಮಾತು ಕೇಳಿದ, ತಿರುಗಿದ, ಬೀಸಿದ. ವಾದ ಈಗ ಎರಡೂ ಕಡೆ ತೂಗುತ್ತದೆ.

ಜೂನ್, ಮಳೆ ಶುರು

ಮೊದಲ ಓದು ಮುಗಿಯಿತು. ಲೈನ್‌ಮನೆಯ (ತೋಟದ ಆಳುಗಳ ಸಾಲುಮನೆ) ಸಾಕ್ಷಿಯ ಪಾತ್ರ ಮಾಡುವ ಅಕ್ಕ ಕೇಳಿದ ಪ್ರಶ್ನೆ ನನ್ನನ್ನು ಬಿಡುತ್ತಿಲ್ಲ. "ಒಂದು ಮಾತಿಗೆ ಕತ್ತಿ ಬೀಸಿದವನಿಗೆ ರಿಯಾಯಿತಿ. ಹತ್ತು ವರ್ಷ ಕುಡುಕ ಗಂಡನ ಏಟು ತಿಂದು, ಅವನು ಮಲಗಿದಾಗ ಹೊಡೆದವಳಿಗೆ?" ಹಠಾತ್ ಅನ್ನುವ ಒಂದು ಪದ ಅಂಥವಳನ್ನು ಹೊರಗಿಡುತ್ತದೆ. ಕೈಯಲ್ಲಿ ಬಲ ಇದ್ದವನಿಗೆ ಆ ಕ್ಷಣದಲ್ಲೇ ತಿರುಗಿ ಬೀಳುವುದು ಸುಲಭ. ಬಲ ಇಲ್ಲದವರು ಕಾಯುತ್ತಾರೆ. ಕಾಯ್ದದ್ದೇ ಅವರ ವಿರುದ್ಧ ಸಾಕ್ಷಿಯಾಗುವುದು ನನಗೆ ಅನ್ಯಾಯ ಅನ್ನಿಸುತ್ತದೆ.

ಇಂಗ್ಲೆಂಡಿನಲ್ಲಿ 2009ರ ಕಾಯ್ದೆ ಹಳೆಯ ಪ್ರಚೋದನೆಯ ವಾದವನ್ನೇ ತೆಗೆದು, ಹಿಡಿತ ತಪ್ಪುವುದು ಹಠಾತ್ ಆಗಿರಬೇಕಿಲ್ಲ ಅಂತ ಮಾಡಿತು. ನಮ್ಮ ಹೊಸ ಸಂಹಿತೆ ಆ ಪದವನ್ನು ಹಾಗೇ ಉಳಿಸಿಕೊಂಡಿತು. ಆದರೂ ಕೋರ್ಟ್‌ಗಳು ಬಾಗಿಲು ಸ್ವಲ್ಪ ತೆರೆದಿವೆ. ಮದ್ರಾಸ್ ಹೈಕೋರ್ಟ್ ಬಹಳ ಹಿಂದೆಯೇ ದೀರ್ಘಕಾಲದ ಪ್ರಚೋದನೆಯನ್ನು ಒಪ್ಪಿದೆ. 2022ರಲ್ಲಿ ಛತ್ತೀಸಗಢದ ಒಂದು ಪ್ರಕರಣದಲ್ಲಿ, ಕುಡಿದು ಕಾಡುತ್ತಿದ್ದ ಸಹೋದರನನ್ನು ಕೊಂದವನ ಶಿಕ್ಷೆಯನ್ನು ಸುಪ್ರೀಂ ಕೋರ್ಟ್ ಕೊಲೆಯಿಂದ ಕೆಳಗಿಳಿಸಿತು. ಕೊನೆಯ ಪ್ರಚೋದನೆಯನ್ನು ಹಿಂದಿನವುಗಳ ಜೊತೆ ಸೇರಿಸಿ ನೋಡಬೇಕು ಎಂಬುದು ಅಲ್ಲಿನ ನಿಲುವು. ಇದನ್ನು ನ್ಯಾಯಾಧೀಶರ ಬಾಯಲ್ಲಿ ಇಡುತ್ತಿದ್ದೇನೆ. ಅಕ್ಕನ ಪ್ರಶ್ನೆಯನ್ನು ಸಾಕ್ಷಿಯ ಬಾಯಲ್ಲೇ ಬಿಟ್ಟಿದ್ದೇನೆ, ಒಂದಕ್ಷರ ತಿದ್ದದೆ.

ಇನ್ನು ಬಾಕಿ ಇರುವುದು ಪಾಟೀ ಸವಾಲು. ತಾನೇ ಕೆಣಕಿ ತಂದುಕೊಂಡ ಪ್ರಚೋದನೆಗೆ ವಿನಾಯಿತಿ ಸಿಗುವುದಿಲ್ಲ. ಹಿಂದಿನ ರಾತ್ರಿ ಅಣ್ಣನ ಪೈಪ್ ಕಡಿದದ್ದು ತಮ್ಮನೇ ಅಂತ ಆ ದೃಶ್ಯದಲ್ಲಿ ಹೊರಬರಬೇಕು. ಜಗಳ ತೆಗೆಯಲೆಂದೇ ಕಡಿದನಾ, ನೀರಿಗಾಗಿ ಕಡಿದನಾ? ಅದನ್ನು ಬರೆದ ಮೇಲೆ ಮುಂದಿನ ಓದು.